ವಡಗಾವಿಯಲ್ಲಿ ಸೂರ್ಯ, ಖಾನಾಪುರದಲ್ಲಿ ನೆಪ್ಚೂನ್

ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿಗೆ ಹೋದವರು ಅಲ್ಲಿ ಮಲಪ್ರಭೆಯ ಉಗಮಸ್ಥಾನ ನೋಡಿ, ಮಾವುಲಿ ದೇವಿಗೆ ಕೈಮುಗಿದು ಬರುತ್ತಾರೆ. ಆದರೆ ಆ ಊರಿನ ಸುತ್ತಲಿನ ಗುಡ್ಡಗಳಲ್ಲಿ ಪ್ರತಿ ಮಳೆಗಾಲದಲ್ಲೂ ನಡೆಯುವ ಒಂದು ವಿಚಿತ್ರ ಬಹುಮಂದಿಯ ಗಮನಕ್ಕೆ ಬಂದಿರಲಾರದು. ಗುಡ್ಡದ ನೆತ್ತಿಯ ಮೇಲೆ ಒಂದು ಮಾರು ಅಂತರದಲ್ಲಿ ಎರಡು ಹನಿ ಬಿದ್ದವೆನ್ನಿ. ಪೂರ್ವಕ್ಕೆ ಹೊರಳಿದ ಹನಿ ಮಲಪ್ರಭೆ ಸೇರಿ, ಖಾನಾಪುರದ ಮುಂದೆ ಹಾಯ್ದು, ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಲ್ಲಿ ತಂಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ. ಪಶ್ಚಿಮಕ್ಕೆ ಹೊರಳಿದ ಹನಿ ಮಹದಾಯಿ ಸೇರಿ, ಘಟ್ಟದಿಂದ ಧುಮುಕಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ.

ಈ ಎರಡು ಹನಿಗಳ ಹಣೆಬರಹ ಬರೆದವರು ಯಾರು? ಗುರುತ್ವಾಕರ್ಷಣೆ. ಕಣಕುಂಬಿ ಸಮುದ್ರಮಟ್ಟಕ್ಕಿಂತ ಸುಮಾರು 790 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೂಡಲಸಂಗಮದವರೆಗೆ ಮಲಪ್ರಭೆ ಸುಮಾರು 300 ಕಿಲೋಮೀಟರ್ ಹರಿದು ಸುಮಾರು 300 ಮೀಟರ್ ಕೆಳಗಿಳಿಯುತ್ತದೆ. ಅಂದರೆ ಸರಾಸರಿ ಕಿಲೋಮೀಟರಿಗೆ ಒಂದೇ ಮೀಟರ್! ಅಷ್ಟು ಸಣ್ಣ ಇಳಿಜಾರೂ ಭೂಮಿಯ ಸೆಳೆತಕ್ಕೆ ಸಾಕು. ಇದೇ ಸೆಳೆತ ಚಂದ್ರನನ್ನು ಕಟ್ಟಿಹಾಕಿದೆ, ಗ್ರಹಗಳನ್ನು ಸೂರ್ಯನ ಸುತ್ತ ತಿರುಗಿಸುತ್ತಿದೆ, ನಾವು ಉಸಿರಾಡುವ ಗಾಳಿಯನ್ನು ಹಿಡಿದಿಟ್ಟಿದೆ. ಇದಿಲ್ಲದಿದ್ದರೆ ಆ ಹನಿಯೂ ಇರುತ್ತಿರಲಿಲ್ಲ, ಅದನ್ನು ನೋಡಲು ನಾವೂ ಇರುತ್ತಿರಲಿಲ್ಲ.

ಓಣಿಯಿಂದ ಹೊರಟ ಸೌರವ್ಯೂಹ

ಶಾಲೆಯ ಪುಸ್ತಕದಲ್ಲಿ ಸೌರವ್ಯೂಹದ ಚಿತ್ರ ನೋಡಿದ ಮಗುವಿಗೆ ಗ್ರಹಗಳು ಒಂದರ ಪಕ್ಕ ಒಂದು ಕೂತಿವೆ ಎಂಬ ಭಾವನೆ ಬರುವುದು ಸಹಜ. ಪುಟದ ಅಗಲ ಅಷ್ಟೇ ಇರುವಾಗ ಚಿತ್ರಕಾರ ಪಾಪ ಏನು ಮಾಡಿಯಾನು? ಆದ್ದರಿಂದ ಪುಸ್ತಕ ಬದಿಗಿಟ್ಟು ಊರನ್ನೇ ನಕಾಶೆ ಮಾಡಿಕೊಳ್ಳೋಣ.

ಮಗ್ಗಗಳ ಸದ್ದಿಗೆ, ಸೀರೆಗಳಿಗೆ ಹೆಸರಾದ ವಡಗಾವಿಯ ಒಂದು ಓಣಿಯಲ್ಲಿ 8 ಮೀಟರ್ ಅಡ್ಡಳತೆಯ ಒಂದು ಗೋಳ ನಿಲ್ಲಿಸಿದೆವೆನ್ನಿ. ಎರಡಂತಸ್ತಿನ ಮನೆಗಿಂತ ತುಸು ಎತ್ತರದ ಈ ಗೋಳವೇ ನಮ್ಮ ಸೂರ್ಯ. ಇದೇ ಪ್ರಮಾಣದಲ್ಲಿ ಉಳಿದವನ್ನೆಲ್ಲ ಕುಗ್ಗಿಸೋಣ. ಬುಧ ಒಂದು ನೆಲ್ಲಿಕಾಯಿ; ಸೂರ್ಯನಿಂದ 330 ಮೀಟರ್ ದೂರ. ಶುಕ್ರ 7 ಸೆಂಟಿಮೀಟರಿನ ಒಂದು ಕಿತ್ತಳೆ. 620 ಮೀಟರ್ ದೂರ. ಭೂಮಿ ಅದಕ್ಕಿಂತ ಕೂದಲೆಳೆ ದೊಡ್ಡದಾದ ಇನ್ನೊಂದು ಕಿತ್ತಳೆ. 860 ಮೀಟರ್ ದೂರ. ಈ ಕಿತ್ತಳೆಯಿಂದ ಎರಡು ಮೀಟರಿಗೆ ತುಸು ಆಚೆ, 2 ಸೆಂಟಿಮೀಟರಿನ ಗೋಲಿಯೊಂದು ಸುತ್ತುತ್ತಿದೆ. ಅದೇ ಚಂದ್ರ. ಮನುಷ್ಯ ಇದುವರೆಗೆ ತಾನೇ ಖುದ್ದಾಗಿ ಹೋಗಿರುವುದು ಆ ಗೋಲಿಯ ತನಕ ಮಾತ್ರ!

ಮುಂದೆ ನಡೆಯೋಣ. ಮಂಗಳ 4 ಸೆಂಟಿಮೀಟರಿನ ನಿಂಬೆಹಣ್ಣು. ದೂರ 1,300 ಮೀಟರ್. ಅಲ್ಲಿಂದ ರಸ್ತೆ ಬರಿದೋ ಬರಿದು. ಪೀರನವಾಡಿಯ ದಿಕ್ಕಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಸವೆದ ಮೇಲೆ, ಎರಡೂ ತೋಳು ಚಾಚಿ ತಬ್ಬಿಕೊಳ್ಳಬೇಕಾದಷ್ಟು ದೊಡ್ಡ ಗುರು. ಮಚ್ಛೆಯ ಆಸುಪಾಸಿನಲ್ಲಿ, 8 ಕಿಲೋಮೀಟರಿನಾಚೆ, ಬಳೆ ತೊಟ್ಟ ಶನಿ. ಖಾನಾಪುರ ಹೆದ್ದಾರಿಯ ಅರ್ಧಕ್ಕೂ ಹೆಚ್ಚು ದಾರಿ ಕ್ರಮಿಸಿ, ಹದಿನಾರೂವರೆ ಕಿಲೋಮೀಟರಿಗೆ ಬಂದರೆ ಕಲ್ಲಂಗಡಿಯಂಥ ಯುರೇನಸ್. ಹೆಚ್ಚುಕಡಿಮೆ 26 ಕಿಲೋಮೀಟರ್ ಆದಮೇಲೆ, ಖಾನಾಪುರ ಪಟ್ಟಣದಲ್ಲಿ, ಮತ್ತೊಂದು ಕಲ್ಲಂಗಡಿ: ನೆಪ್ಚೂನ್.

ಈ ನಕಾಶೆಗೆ ಇನ್ನೊಂದು ಸೊಗಸಿದೆ. ಬೆಳಕು ಸೂರ್ಯನಿಂದ ಭೂಮಿಗೆ ಬರಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಬೇಕು. ನಮ್ಮ ಅಳತೆಯಲ್ಲಿ ಅದು 860 ಮೀಟರ್. ಅಂದರೆ ಬಿರುಸಾಗಿ ಕಾಲುಹಾಕುವ ಮನುಷ್ಯನ ನಡಿಗೆಯೇ ಇಲ್ಲಿ ಬೆಳಕಿನ ವೇಗ! ಅದೇ ವೇಗದಲ್ಲಿ ನಡೆದರೆ ಖಾನಾಪುರಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ. ನಿಜವಾದ ಬೆಳಕಿಗೂ ನೆಪ್ಚೂನ್ ಮುಟ್ಟಲು ಅಷ್ಟೇ ಹೊತ್ತು. ಹಾಗಾದರೆ ನಮ್ಮ ಅತಿ ಹತ್ತಿರದ ನೆರೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಈ ನಕಾಶೆಯಲ್ಲಿ ಎಲ್ಲಿ? ಪಣಜಿಯಲ್ಲೂ ಅಲ್ಲ, ದಿಲ್ಲಿಯಲ್ಲೂ ಅಲ್ಲ. ಸುಮಾರು 2 ಲಕ್ಷ 30 ಸಾವಿರ ಕಿಲೋಮೀಟರ್ ದೂರದಲ್ಲಿ. ಅಂದರೆ ನಿಜವಾದ ಚಂದ್ರನ ದಾರಿಯಲ್ಲಿ ಅರ್ಧಕ್ಕಿಂತ ಮುಂದೆ.

ಇಷ್ಟು ವಿಶಾಲವಾದ ಬಯಲಿನಲ್ಲಿ ಜೀವವಿದೆ ಎಂದು ನಮಗೆ ಖಚಿತವಾಗಿ ಗೊತ್ತಿರುವುದು ಒಂದೇ ಒಂದು ಕಿತ್ತಳೆಯ ಸಿಪ್ಪೆಯ ಮೇಲೆ.

ಬೀಳುತ್ತಲೇ ಇರುವ ಚಂದ್ರ

ವಡಗಾವಿಯ ಗೋಳ ಖಾನಾಪುರದ ಕಲ್ಲಂಗಡಿಯನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? ಸೌರವ್ಯೂಹದ ಒಟ್ಟು ದ್ರವ್ಯದಲ್ಲಿ ಶೇಕಡ 99.8ರಷ್ಟು ಸೂರ್ಯನೊಬ್ಬನಲ್ಲೇ ಇದೆ. ಆದ್ದರಿಂದ ಯಜಮಾನಿಕೆಯೂ ಅವನದೇ.

ನಮ್ಮ ವಿಜಯಪುರ ಸೀಮೆಯವನೆಂದು ಹಲವರು ನಂಬುವ ಭಾಸ್ಕರಾಚಾರ್ಯ ಕ್ರಿ.ಶ. 1150ರ ತನ್ನ ‘ಸಿದ್ಧಾಂತ ಶಿರೋಮಣಿ’ಯಲ್ಲಿ, ಭಾರವಾದ ವಸ್ತುಗಳನ್ನು ಭೂಮಿ ತನ್ನತ್ತ ಸೆಳೆಯುವುದರಿಂದ ಅವು ಬೀಳುವಂತೆ ಕಾಣುತ್ತವೆ ಎಂದು ವಿವರಿಸಿದ್ದಾನೆ. ಸುತ್ತಲೂ ಸಮನಾದ ಆಕಾಶವಿರುವಾಗ ಭೂಮಿ ತಾನು ಎಲ್ಲಿಗೆ ಬಿದ್ದೀತು ಎಂಬ ಜಾಣ ಪ್ರಶ್ನೆಯನ್ನೂ ಎತ್ತಿದ್ದಾನೆ. ಆದರೆ ಆ ಸೆಳೆತ ದೂರಕ್ಕೆ ತಕ್ಕಂತೆ ಎಷ್ಟು ತಗ್ಗುತ್ತದೆ, ಹಣ್ಣನ್ನು ಸೆಳೆಯುವ ಶಕ್ತಿಯೇ ಚಂದ್ರನನ್ನೂ ಸೆಳೆಯುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವನು ಇಂಗ್ಲೆಂಡಿನ ಐಸಾಕ್ ನ್ಯೂಟನ್, 1687ರಲ್ಲಿ. ಇಬ್ಬರಿಗೂ ಅವರವರ ಪಾಲಿನ ಗೌರವ ಸಲ್ಲಬೇಕು. ಒಬ್ಬರದನ್ನು ಕಿತ್ತು ಇನ್ನೊಬ್ಬರಿಗೆ ಕೊಡುವ ಅಗತ್ಯವಿಲ್ಲ.

ನ್ಯೂಟನ್ನನ ಲೆಕ್ಕ ನಮಗೂ ಮಾಡಲು ಬರುತ್ತದೆ. ಬಾವಿಗೆ ಎಸೆದ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ನಾವು ಇರುವ ದೂರಕ್ಕಿಂತ ಚಂದ್ರ 60 ಪಟ್ಟು ದೂರದಲ್ಲಿದ್ದಾನೆ. ದೂರ 60 ಪಟ್ಟಾದರೆ ಸೆಳೆತ 60 ಗುಣಿಸು 60, ಅಂದರೆ 3,600 ಪಾಲು ಕಡಿಮೆ. 4.9 ಮೀಟರನ್ನು 3,600ರಿಂದ ಭಾಗಿಸಿ: ಸುಮಾರು 1.4 ಮಿಲಿಮೀಟರ್. ಚಂದ್ರ ಪ್ರತಿ ಸೆಕೆಂಡಿಗೂ ಭೂಮಿಯತ್ತ ಬೀಳುವುದು ಸರಿಯಾಗಿ ಅಷ್ಟೇ! ಆದರೆ ಅದೇ ಸೆಕೆಂಡಿನಲ್ಲಿ ಅವನು ಪಕ್ಕಕ್ಕೆ ಸುಮಾರು ಒಂದು ಕಿಲೋಮೀಟರ್ ಓಡಿರುತ್ತಾನೆ. ಬೀಳುವುದೂ ಓಡುವುದೂ ಕೂಡಿ ಅವನ ದಾರಿ ದುಂಡಗಾಗಿದೆ.

ಯಳ್ಳೂರಿನ ರಾಜಹಂಸಗಡದ ಮೇಲೆ ನಿಂತು ಒಂದು ಕಲ್ಲು ಬೀಸಿ ಒಗೆಯಿರಿ. ಅದು ಬಾಗಿ ನೆಲಕ್ಕೆ ಬೀಳುತ್ತದೆ. ಇನ್ನೂ ಜೋರಾಗಿ ಒಗೆದರೆ ಇನ್ನೂ ದೂರ. ಗಾಳಿಯ ಅಡ್ಡಿ ಇಲ್ಲವೆಂದುಕೊಂಡು ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಒಗೆಯಬಲ್ಲ ಭೀಮ ಸಿಕ್ಕಿದರೆ, ಕಲ್ಲು ಬಾಗುವಷ್ಟೇ ಭೂಮಿಯ ಮೈಯೂ ಬಾಗಿರುವುದರಿಂದ ಅದು ನೆಲ ಮುಟ್ಟುವುದೇ ಇಲ್ಲ. ಸುತ್ತಿ ಬಂದು ಭೀಮನ ಬೆನ್ನಿಗೇ ಹೊಡೆದೀತು! ಕೃತಕ ಉಪಗ್ರಹವೆಂದರೆ ಇಷ್ಟೇ. ಬೀಳುತ್ತಲೇ ಇದ್ದು ನೆಲ ತಪ್ಪಿಸಿಕೊಂಡ ಕಲ್ಲು.

ಇಲ್ಲಿ ಪಾಲಕರಿಗೆ ಒಂದು ಮಾತು. 1962ರ ಫೆಬ್ರವರಿಯಲ್ಲಿ ‘ಅಷ್ಟಗ್ರಹ ಕೂಟ’ವೆಂದು ದೇಶವೆಲ್ಲ ನಡುಗಿದ್ದನ್ನು ಮನೆಯ ಹಿರಿಯರು ಹೇಳಿಯಾರು. ಪ್ರಳಯವಾದೀತೆಂಬ ಭಯ, ಎಲ್ಲೆಡೆ ಹೋಮ, ಹವನ. ಏನೂ ಆಗಲಿಲ್ಲ. ಏಕೆಂದರೆ ದೂರ ಹೆಚ್ಚಿದಂತೆ ಸೆಳೆತ ಬಲುಬೇಗ ಸೋತುಹೋಗುತ್ತದೆ. ಸಮುದ್ರವನ್ನು ಉಬ್ಬರಿಸುವ ಚಂದ್ರನ ಶಕ್ತಿಗೆ ಹೋಲಿಸಿದರೆ, ಶುಕ್ರ ಅತಿ ಹತ್ತಿರ ಬಂದಾಗಿನ ಅಂಥ ಶಕ್ತಿ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಪಣಜಿಯಲ್ಲಿ ಮಾಂಡೋವಿಯ ನೀರನ್ನು ದಿನಕ್ಕೆರಡು ಬಾರಿ ಏರಿಸಿ ಇಳಿಸುವವನು ಚಂದ್ರ, ಅವನಿಗೆ ಜೊತೆಯಾಗಿ ಸೂರ್ಯ. ಉಳಿದ ಗ್ರಹಗಳಿಗೆ ಆ ನೀರನ್ನು ಕೂದಲಷ್ಟು ಎತ್ತಲೂ ಬಾರದು.

ತಕ್ಕಡಿ ಹೇಳದ ಗುಟ್ಟು

ಮೂವತ್ತು ಕಿಲೋ ತೂಗುವ ಹುಡುಗಿಯೊಬ್ಬಳನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಚಂದ್ರನ ಮೇಲೆ ತೂಗಿದರೆ ಮುಳ್ಳು 5 ಕಿಲೋ ತೋರಿಸುತ್ತದೆ. ಮಂಗಳದಲ್ಲಿ 11 ಕಿಲೋ. ಗುರುವಿನ ಮೋಡಗಳ ಎತ್ತರದಲ್ಲಿ 75 ಕಿಲೋ. ಆದರೆ ಸಂತೆಯ ಎರಡು ತಟ್ಟೆಯ ತಕ್ಕಡಿ ಒಯ್ದರೆ? ಎಲ್ಲ ಕಡೆಯೂ ಮೂವತ್ತೇ! ಏಕೆಂದರೆ ಹುಡುಗಿಯ ಜೊತೆಗೆ ತೂಕದ ಕಲ್ಲೂ ಹಗುರಾಗಿರುತ್ತದೆ. ತೂಕ ಬದಲಾದರೂ ಆಕೆಯಲ್ಲಿರುವ ದ್ರವ್ಯ ಬದಲಾಗಲಿಲ್ಲ.

ಮೈ ಹಗುರಾಗುವುದು ಮಕ್ಕಳಿಗೆ ಮೋಜೆನಿಸೀತು. ಆದರೆ ಸೆಳೆತ ತೀರ ಕಡಿಮೆಯಾದರೆ ಗಾಳಿಯೇ ಓಡಿಹೋಗುತ್ತದೆ. ಅನಿಲದ ಅಣುಗಳು ಸುಮ್ಮನೆ ಕೂಡುವವಲ್ಲ. ನಮ್ಮ ಕೋಣೆಯ ಆಮ್ಲಜನಕದ ಅಣುಗಳು ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿವೆ. ಹಗುರವಾದ ಜಲಜನಕ ಅದರ ನಾಲ್ಕು ಪಟ್ಟು. ಭೂಮಿಯ ಹಿಡಿತದಿಂದ ಪಾರಾಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಆದ್ದರಿಂದ ಆಮ್ಲಜನಕ, ಸಾರಜನಕಗಳು ಇಲ್ಲೇ ಉಳಿದಿವೆ. ಚಂದ್ರನಲ್ಲಿ ಆ ವೇಗ ಬರೀ 2.4 ಕಿಲೋಮೀಟರ್. ಅಲ್ಲಿ ಬಿಸಿಲಿಗೆ ಕಾದ ಅನಿಲಗಳು ಒಂದೊಂದಾಗಿ ಜಾರಿಹೋದವು.

ಗಾಳಿಯಿಲ್ಲದ ನೆಲ ಹೇಗಿರುತ್ತದೆ? ಇದಕ್ಕೆ ಉತ್ತರ ನಮ್ಮ ಬೆಂಗಳೂರಿಗೇ ಬಂತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲಕ್ಕೆ ಇಳಿಯಿತು. ಅದು ನೆಲಕ್ಕೆ ಚುಚ್ಚಿದ ಉಷ್ಣಮಾಪಕ ಹೇಳಿದ ಸುದ್ದಿ ಇದು: ಮೇಲ್ಮೈಯಲ್ಲಿ 50 ಡಿಗ್ರಿಗೂ ಮೀರಿದ ಸುಡುಬಿಸಿ, ಬರೀ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ. ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಬೇಸಿಗೆಯೂ ಹಿಮವೂ! ಸೂರ್ಯನಿಂದ ಚಂದ್ರನಿಗಿರುವ ದೂರ ನಮ್ಮಷ್ಟೇ. ಆದರೆ ಹೊದೆಯಲು ಗಾಳಿಯ ದುಪ್ಪಟಿ ಇಲ್ಲ.

ಎರಡು ಕಿತ್ತಳೆ, ಒಂದು ನಿಂಬೆ

ಹಾಗಾದರೆ ಗ್ರಹವೊಂದು ವಾಸಕ್ಕೆ ಯೋಗ್ಯವಾಗಬೇಕಾದರೆ ಏನೇನಿರಬೇಕು? ಮೊದಲನೆಯದು ದೂರ. ನೀರು ಪೂರ್ತಿ ಆವಿಯಾಗದ, ಪೂರ್ತಿ ಹೆಪ್ಪುಗಟ್ಟದ ದೂರದ ಪಟ್ಟಿಯನ್ನು ವಿಜ್ಞಾನಿಗಳು ‘ವಾಸಯೋಗ್ಯ ವಲಯ’ ಎನ್ನುತ್ತಾರೆ. ಆದರೆ ದೂರವೊಂದೇ ಸಾಲದು ಎಂಬುದಕ್ಕೆ ನೆರೆಹೊರೆಯವರೇ ಸಾಕ್ಷಿ.

ಮಂಗಳನನ್ನು ನೋಡಿ. ಅಲ್ಲಿ ಒಣಗಿದ ನದಿಪಾತ್ರಗಳಿವೆ, ಮುಖಜಭೂಮಿಯ ಗುರುತುಗಳಿವೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಪರ್ಸಿವಿಯರೆನ್ಸ್ ಗಾಡಿ ಇಳಿದ ಜೆಝೆರೊ ಕುಳಿ ಒಂದು ಕಾಲಕ್ಕೆ ಕೆರೆಯಾಗಿತ್ತು. ಅಂದರೆ ಅಲ್ಲೂ ಕಣಕುಂಬಿಗಳಿದ್ದವು, ಮಲಪ್ರಭೆಗಳಿದ್ದವು. ಎಲ್ಲಿ ಹೋಯಿತು ನೀರು? ಮಂಗಳ ಸಣ್ಣವನು, ತೂಕದಲ್ಲಿ ಭೂಮಿಯ ಹತ್ತನೆಯ ಒಂದು ಪಾಲು. ಸಣ್ಣ ರೊಟ್ಟಿ ಬೇಗ ಆರುವಂತೆ ಅವನ ಒಡಲು ಬೇಗ ಆರಿತು. ಒಡಲಿನ ಕರಗಿದ ಕಬ್ಬಿಣದ ಹರಿದಾಟ ನಿಂತು ಕಾಂತಕ್ಷೇತ್ರ ಅಳಿಯಿತು. ಆಮೇಲೆ ಸೂರ್ಯನಿಂದ ಬೀಸುವ ಕಣಗಳ ಗಾಳಿ, ನೇರಳಾತೀತ ಕಿರಣ, ದುರ್ಬಲ ಸೆಳೆತ ಮೂರೂ ಸೇರಿ ವಾತಾವರಣವನ್ನು ಕೋಟಿಗಟ್ಟಲೆ ವರ್ಷ ಸವೆಸಿದವು. ಇಂದು ಅಲ್ಲಿಯ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಉಳಿದ ನೀರು ಮಂಜುಗಡ್ಡೆಯಾಗಿ ನೆಲದಡಿ, ಧ್ರುವಗಳಲ್ಲಿ ಅಡಗಿದೆ. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಅಲ್ಲಿಗೆ ಮುಟ್ಟಿದ ನಮ್ಮ ಮಂಗಳಯಾನ ಈ ತೆಳುಗಾಳಿಯನ್ನೂ ಅಭ್ಯಾಸ ಮಾಡಿತು. 2022ರಲ್ಲಿ ಅದರ ಸಂಪರ್ಕ ಕಡಿಯಿತು. ಅಷ್ಟು ದೂರದ ಅದರ ಸಣ್ಣ ದನಿಯನ್ನು ಆಲಿಸುತ್ತಿದ್ದುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ.

ಶುಕ್ರನದು ತದ್ವಿರುದ್ಧ ಕಥೆ. ಗಾತ್ರದಲ್ಲಿ ಭೂಮಿಯ ಅವಳಿ. ಸೆಳೆತಕ್ಕೆ ಕೊರತೆಯಿಲ್ಲ, ಗಾಳಿಗಂತೂ ಬರವೇ ಇಲ್ಲ. ನಮ್ಮದರ ತೊಂಬತ್ತು ಪಟ್ಟು ಒತ್ತಡ. ಆದರೆ ಅದರಲ್ಲಿ ಶೇಕಡ 96ರಷ್ಟು ಇಂಗಾಲದ ಡೈ ಆಕ್ಸೈಡ್. ಒಳಬಂದ ಬಿಸಿಲು ಕಾವಾಗಿ ಹೊರಹೋಗಲು ಅದು ಬಿಡುವುದಿಲ್ಲ. ನೆಲದ ಉಷ್ಣತೆ 460 ಡಿಗ್ರಿ. ಸೀಸ ಕರಗಿ ಹರಿದೀತು. ಶುಕ್ರನಲ್ಲಿ ಮೊದಲು ಇದ್ದಿರಬಹುದಾದ ನೀರು ಆವಿಯಾಗಿ ಬಹು ಮೇಲಕ್ಕೇರಿತು. ನೇರಳಾತೀತ ಕಿರಣ ಅದನ್ನು ಒಡೆಯಿತು, ಹಗುರವಾದ ಜಲಜನಕ ಹಾರಿಹೋಯಿತು. ಭೂಮಿಯಲ್ಲಿ ಹಾಗಾಗದಿರಲು ಕಾರಣ ನಮ್ಮ ಆಕಾಶದ ಚಳಿ. ಹತ್ತು ಹದಿನೈದು ಕಿಲೋಮೀಟರ್ ಎತ್ತರದೊಳಗೇ ಆವಿ ಹೆಪ್ಪುಗಟ್ಟಿ, ಮಳೆಯಾಗಿ ಕೆಳಗೆ ಬೀಳುತ್ತದೆ. ಕಣಕುಂಬಿಯಲ್ಲಿ ಬೀಳುವ ಪ್ರತಿ ಹನಿಯೂ ಹೀಗೆ ತಡೆದು ತಿರುಗಿ ಕಳಿಸಲ್ಪಟ್ಟ ಹನಿ.

ಖಾನಾಪುರದ ಹಂಚು ಹೇಳುವುದೇನು?

ಶುಕ್ರನ ಗಾಳಿಯಲ್ಲಿರುವಷ್ಟು ಇಂಗಾಲ ಭೂಮಿಯಲ್ಲಿ ಇಲ್ಲವೇ? ಇದೆ, ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ನಮ್ಮಲ್ಲಿ ಅದರ ಬಹುಪಾಲು ಗಾಳಿಯಲ್ಲಿಲ್ಲ, ಕಲ್ಲಿನಲ್ಲಿದೆ. ಅದನ್ನು ಅಲ್ಲಿ ಕೂಡಿಹಾಕಿದ್ದು ಮಳೆ.

ಬೀಳುವ ಮಳೆ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಸ್ವಲ್ಪ ಕರಗಿಸಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಸೋಡಾದ ಚುರುಕು ಇದೇ. ಈ ನೀರು ಬಂಡೆಯನ್ನು ನಿಧಾನ ತಿನ್ನುತ್ತದೆ. ತಿಂದುಳಿದ ಭಾಗ ಜಂಬಿಟ್ಟಿಗೆಯಾಗಿ, ಜೇಡಿಯಾಗಿ ಅಲ್ಲೇ ಉಳಿಯುತ್ತದೆ. ಕರಗಿದ ಸುಣ್ಣದ ಅಂಶ ಇಂಗಾಲವನ್ನು ಹೊತ್ತು ನದಿಗುಂಟ ಸಮುದ್ರಕ್ಕೆ ಹೋಗಿ, ಚಿಪ್ಪುಗಳಾಗಿ, ಸುಣ್ಣಕಲ್ಲಾಗಿ ತಳದಲ್ಲಿ ಕೂಡುತ್ತದೆ. ಖಾನಾಪುರದ ಕೆಂಪು ನೆಲ, ಅಲ್ಲಿಯ ಜೇಡಿಯಿಂದಾದ ಹಂಚು, ಗಡಿಗೆಗಳೆಲ್ಲ ಈ ಕೆಲಸದ ಪಳೆಯುಳಿಕೆಗಳು. ಮಲಪ್ರಭೆಯ ಸೀಮೆಯಲ್ಲೇ ಮುಂದಿರುವ ಬಾಗಲಕೋಟೆ, ಲೋಕಾಪುರದ ಸುಣ್ಣಕಲ್ಲು ಬಲು ಪುರಾತನ ಸಮುದ್ರವೊಂದು ಕೂಡಿಟ್ಟ ಇಂಗಾಲ.

ಇದರಲ್ಲಿ ಒಂದು ಅಚ್ಚರಿಯ ಹೊಂದಾಣಿಕೆ ಇದೆ. ಭೂಮಿ ಬಿಸಿಯಾದರೆ ಮಳೆ ಹೆಚ್ಚುತ್ತದೆ, ಬಂಡೆ ಬೇಗ ಕರಗುತ್ತದೆ, ಗಾಳಿಯ ಇಂಗಾಲ ಇಳಿದು ತಂಪಾಗುತ್ತದೆ. ಭೂಮಿ ತಣ್ಣಗಾದರೆ ಕರಗುವುದು ನಿಧಾನಿಸಿ, ಜ್ವಾಲಾಮುಖಿಗಳು ಉಗುಳುವ ಇಂಗಾಲ ಗಾಳಿಯಲ್ಲಿ ಕೂಡಿ ಮತ್ತೆ ಬೆಚ್ಚಗಾಗುತ್ತದೆ. ಮಗ್ಗದಲ್ಲಿ ನೂಲು ಬಿಗಿಯಾದರೆ ಸಡಿಲಿಸುವ, ಸಡಿಲಾದರೆ ಬಿಗಿಯುವ ನೇಕಾರನ ಕೈಯಂತೆ. ಮಂಗಳನಲ್ಲಿ ಈ ಕೈ ಸೋತಿತು, ಶುಕ್ರನಲ್ಲಿ ನೀರಿಲ್ಲದೆ ನಿಂತಿತು. ಭೂಮಿಯಲ್ಲಿ ಮಾತ್ರ ನೂರಾರು ಕೋಟಿ ವರ್ಷ ನೂಲು ಹರಿಯದಂತೆ ನೇಯ್ದಿದೆ.

ಆದರೆ ಒಂದು ಎಚ್ಚರಿಕೆ. ಈ ನೇಕಾರ ಅವಸರದವನಲ್ಲ. ಅವನ ಒಂದೊಂದು ಎಳೆಗೂ ಲಕ್ಷಾಂತರ ವರ್ಷ. ಇನ್ನೂರು ವರ್ಷಗಳ ಹಿಂದೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಇಂಗಾಲದ ಡೈ ಆಕ್ಸೈಡ್, ಕಲ್ಲಿದ್ದಲು, ತೈಲ ಸುಟ್ಟ ಫಲವಾಗಿ ಇಂದು 420 ದಾಟಿದೆ. ನಾವು ಎರಡು ಶತಮಾನದಲ್ಲಿ ಗಂಟು ಹಾಕಿದ್ದನ್ನು ಅವನು ಬಿಡಿಸುವ ಹೊತ್ತಿಗೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಇರಲಾರರು. ಭೂಮಿ ಶುಕ್ರನಾಗುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ಮಳೆಯ ಕಾಲ, ಅಳತೆ ಕದಲಿದರೂ ಸಾಕು, ಮಲಪ್ರಭೆಯನ್ನು ನೆಚ್ಚಿದ ಹೊಲಗಳಿಗೆ ಅದೇ ದೊಡ್ಡ ಪೆಟ್ಟು.

1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ನಮ್ಮ ಸೂರ್ಯನಂಥದೇ ಇನ್ನೊಂದು ನಕ್ಷತ್ರದ ಸುತ್ತ ಗ್ರಹವೊಂದನ್ನು ಕಂಡುಹಿಡಿದರು. 2019ರಲ್ಲಿ ಅದಕ್ಕೆ ನೊಬೆಲ್ ಬಂತು. ಅಂಥ ಹೊರಗ್ರಹಗಳ ಪಟ್ಟಿ ಈಗ ಐದೂವರೆ ಸಾವಿರ ಮೀರಿದೆ. ಅವುಗಳಲ್ಲಿ ಯಾವುದರ ಮೇಲೂ ಮಳೆಗೆ ನೆನೆದ ಮಣ್ಣಿನ ವಾಸನೆ ಇದೆಯೆಂದು ಇನ್ನೂ ಯಾರೂ ಹೇಳಿಲ್ಲ. ಸಿಕ್ಕರೂ ಅಲ್ಲಿಗೆ ಹೋಗುವ ದಾರಿ ನಮ್ಮ ನಕಾಶೆಯಲ್ಲೇ ಲಕ್ಷಗಟ್ಟಲೆ ಕಿಲೋಮೀಟರ್. ಸದ್ಯಕ್ಕೆ ನಮಗೆ ಇರುವುದು ಒಂದೇ ಮನೆ.

ಮಕ್ಕಳೊಂದಿಗೆ ಮಾಡಿ ನೋಡಿ

ಬೆಳಗಾವಿಯಲ್ಲಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 9ರ ಹಿಂದುಮುಂದಿನ ದಿನಗಳಲ್ಲಿ, ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗಸ್ಟಿನಲ್ಲಿ ಮೋಡದ ಕಾಟ. ಮೇ ತಿಂಗಳೇ ಒಳ್ಳೆಯದು. ಛಾವಣಿಯ ಮೇಲೆ ಸಮತಟ್ಟಾದ ಜಾಗ ನೋಡಿ ಒಂದು ನೇರವಾದ ಕೊಳವೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೊಳವೆ ಅದಕ್ಕೆ ಸಮನಾಗಿದೆಯೇ ಎಂದು ಪರೀಕ್ಷಿಸಿ. ಭೂಮಿಯ ಕೇಂದ್ರ ಯಾವ ಕಡೆಗಿದೆ ಎಂದು ಆ ದಾರ ತೋರಿಸುತ್ತದೆ. ಗಡಿಯಾರದಲ್ಲಿ 12 ಹೊಡೆದಾಗಲ್ಲ, ಸುಮಾರು 12 ಗಂಟೆ 30 ನಿಮಿಷಕ್ಕೆ ಕೊಳವೆಯ ನೆರಳು ಅದರ ಬುಡದಲ್ಲೇ ಅಡಗುವುದನ್ನು ನೋಡಿ. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ, ನೆರಳನ್ನಷ್ಟೇ ನೋಡಿ. ಅರ್ಧ ಗಂಟೆ ತಡವೇಕೆ ಎಂದು ಮಗು ಕೇಳಿದರೆ, ನಮ್ಮ ಗಡಿಯಾರ ನಡೆಯುವುದು ಬೆಳಗಾವಿಗಿಂತ ಪೂರ್ವಕ್ಕಿರುವ, ಪ್ರಯಾಗರಾಜದ ಹತ್ತಿರ ಹಾಯುವ ರೇಖಾಂಶದ ಹೊತ್ತಿಗೆ ಎಂದು ವಿವರಿಸಿ.

ಆ ಕ್ಷಣದಲ್ಲಿ ಒಂದೇ ಗೆರೆಯ ಮೇಲೆ ಮೂರು ಬಿಂದುಗಳಿರುತ್ತವೆ: ಕಾಲಡಿಯಲ್ಲಿ ಭೂಮಿಯ ಕೇಂದ್ರ, ತಲೆಯ ಮೇಲೆ ಸೂರ್ಯ, ನಡುವೆ ನಿಮ್ಮ ಮಗು. ಅಂದು ಸಂಜೆ ಒಂದು ಕಿತ್ತಳೆ ಕೊಟ್ಟು, ಸೂರ್ಯ ವಡಗಾವಿಯಲ್ಲಿದ್ದರೆ ನೆಪ್ಚೂನ್ ಎಲ್ಲಿ ಎಂದು ಕೇಳಿ ನೋಡಿ.